ತಟ್ಟೆಯಲ್ಲಿ ಗೆದ್ದ ಗುಳಿಗೆ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟ ಪ್ಯಾಸೆಂಜರ್ ರೈಲಿಗೆ ಊರ ಗದ್ದಲ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್ ದೇಸೂರ. ಮಳೆಗಾಲ ಹಿಡಿಯಿತೆಂದರೆ ಇಲ್ಲಿ ಬಿಸಿಲು ಕಾಣುವುದೇ ಅಪರೂಪ. ಭತ್ತದ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಗೋಡೆ ಹಸಿಯಾಗುತ್ತದೆ, ಚಪ್ಪಲಿಗೂ ಚೀಲಕ್ಕೂ ಬೂಷ್ಟು ಹಿಡಿಯುತ್ತದೆ. ಹಿತ್ತಲಲ್ಲಿ ಮರೆತು ಬಿಟ್ಟ ಡಬ್ಬಿ, ಟೈರು, ಕರಟಗಳಲ್ಲಿ ಸೊಳ್ಳೆ ಮರಿ ಮಾಡುತ್ತದೆ. ಹೀಗಾಗಿ ಇದು ಡೆಂಗಿ ಜ್ವರದ ಕಾಲವೂ ಹೌದು.

ಅಂಥ ಒಂದು ಸಂಜೆ ಪರಿಚಯದ ಹಿರಿಯರೊಬ್ಬರು ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ನನ್ನ ಮುಂದೆ ಹಿಡಿದರು. ಕೆಲವು ವರ್ಷಗಳ ಹಿಂದೆ ಅವರಿಗೆ ಕಿಡ್ನಿ ಕಸಿ ಆಗಿದೆ. ಬೆಳಿಗ್ಗೆ, ಸಂಜೆ ತಪ್ಪದೆ ನುಂಗುವ ಗುಳಿಗೆಗಳಲ್ಲಿ ಅದೂ ಒಂದು: ಮೈಕೊಫೆನೊಲೇಟ್.

“ತಮ್ಮಾ, ಈ ಗುಳಗಿ ಡೆಂಗೂದ ವೈರಸ್ಸನ್ನೂ ಕೊಲ್ಲತೈತಂತ ನಮ್ಮ ಮೊಮ್ಮಗ ಮೊಬೈಲ್‌ದಾಗ ಓದಿ ಹೇಳ್ಯಾನ. ಹಂಗಾದ್ರ ನನಗ ಡೆಂಗೂದ ಅಂಜಿಕಿ ಇಲ್ಲ ಅಂದಂಗಾತಲ್ಲ?”

“ಕಾಕಾ, ಮೊಮ್ಮಗ ಓದಿದ್ದು ಖರೆ. ನೀವು ತಿಳಕೊಂಡಿದ್ದು ಮಾತ್ರ ಖರೆ ಅಲ್ಲ” ಅಂದೆ.

ಅವರು ಅಷ್ಟಕ್ಕೇ ಬಿಡಲಿಲ್ಲ. ಒಂದು ಖರೆ ಆದ ಮೇಲೆ ಇನ್ನೊಂದು ಯಾಕೆ ಖರೆ ಅಲ್ಲ ಎಂದು ಕೇಳಿದರು. ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಈ ಅಧ್ಯಾಯ ಅವರಿಗಾಗಿ.

ಕೆಟ್ಟ ಜೋಳದಿಂದ ಬಂದ ಔಷಧ

ನಮ್ಮ ಕಡೆ ಗೋವಿನಜೋಳ ಸರಿಯಾಗಿ ಒಣಗದೆ ಚೀಲ ಸೇರಿದರೆ ಏನಾಗುತ್ತದೆಂದು ರೈತರಿಗೆ ಹೇಳಬೇಕಿಲ್ಲ. ಕಾಳಿನ ತುದಿಯಲ್ಲಿ ಮೊದಲು ಬಿಳಿ ನೂಲಿನಂತೆ, ಆಮೇಲೆ ಹಸಿರು-ನೀಲಿ ಪುಡಿಯಂತೆ ಬೂಷ್ಟು ಏಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಟಲಿಯ ಬಡ ರೈತರು ಇಂಥದೇ ಜೋಳ ತಿಂದು ಬದುಕುತ್ತಿದ್ದರು. ಅವರಲ್ಲಿ ಪೆಲಾಗ್ರ ಎಂಬ ಕಾಯಿಲೆ ಹರಡಿತ್ತು. ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ ಅದರ ಲಕ್ಷಣ. ಕೆಟ್ಟ ಜೋಳದ ಬೂಷ್ಟೇ ಇದಕ್ಕೆ ಕಾರಣವಿರಬಹುದೆಂದು ಬಾರ್ತೊಲೊಮಿಯೊ ಗೊಸಿಯೊ ಎಂಬ ವೈದ್ಯ ಹುಡುಕಲು ಹೊರಟ.

1893ರಲ್ಲಿ ಅವನು ಬೂಷ್ಟು ಹಿಡಿದ ಜೋಳದಲ್ಲಿ ಬೆಳೆದ ಪೆನಿಸಿಲಿಯಮ್ ಜಾತಿಯ ಶಿಲೀಂಧ್ರದಿಂದ ಒಂದು ವಸ್ತುವನ್ನು ಬೇರ್ಪಡಿಸಿ ಹರಳುಗಟ್ಟಿಸಿದ. ಅದು ಆಂಥ್ರಾಕ್ಸ್ ರೋಗದ ಬ್ಯಾಕ್ಟೀರಿಯವನ್ನು ಬೆಳೆಯಗೊಡುವುದಿಲ್ಲ ಎಂಬುದನ್ನೂ ಕಂಡುಕೊಂಡ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಗುರುತಿಸಿದ್ದು 1928ರಲ್ಲಿ. ಅದಕ್ಕೂ ಮೂವತ್ತೈದು ವರ್ಷ ಮೊದಲೇ ಒಂದು ಪ್ರತಿಜೈವಿಕ ಗೊಸಿಯೊನ ಕೈಯಲ್ಲಿತ್ತು. ಜಗತ್ತು ಅದನ್ನು ಮರೆಯಿತು. ಪೆಲಾಗ್ರಕ್ಕೆ ಕಾರಣ ಬೂಷ್ಟಲ್ಲ, ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ನಿನ ಕೊರತೆ ಎಂಬುದು ಆಮೇಲೆ ತಿಳಿಯಿತು. 1913ರಲ್ಲಿ ಅಮೆರಿಕದ ಆಲ್ಸ್‌ಬರ್ಗ್ ಮತ್ತು ಬ್ಲ್ಯಾಕ್ ಇದೇ ವಸ್ತುವನ್ನು ಮತ್ತೆ ಬೇರ್ಪಡಿಸಿ ಮೈಕೊಫೆನೊಲಿಕ್ ಆಮ್ಲ ಎಂದು ಹೆಸರಿಟ್ಟರು.

ಇದನ್ನು ಔಷಧವಾಗಿಸಿದ ಹಿರಿಮೆ ಆಂಥೊನಿ ಆಲಿಸನ್ ಮತ್ತು ಎಲ್ಸಿ ಯುಗುಯಿ ಅವರದು. ಕುಡುಗೋಲಿನಂತೆ ಬಾಗುವ ರಕ್ತಕಣದ ವಂಶವಾಹಿ ಮಲೇರಿಯದಿಂದ ರಕ್ಷಣೆ ಕೊಡುತ್ತದೆ ಎಂದು 1954ರಲ್ಲಿ ತೋರಿಸಿದವರೂ ಇದೇ ಆಲಿಸನ್. ಅವರ ಕೆಲಸದ ಫಲವಾಗಿ 1995ರಲ್ಲಿ ಮೈಕೊಫೆನೊಲೇಟ್ ಮೊಫೆಟಿಲ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಸಿ ಮಾಡಿದ ಕಿಡ್ನಿಯನ್ನು ದೇಹ ಪರಕೀಯ ಎಂದು ಬಗೆದು ಹೊಡೆದು ಹಾಕದಂತೆ ತಡೆಯುವುದೇ ಅದರ ಕೆಲಸ. ದೇಹದೊಳಗೆ ಹೋದ ಮೇಲೆ ಅದು ಗೊಸಿಯೊ ಕಂಡ ಮೈಕೊಫೆನೊಲಿಕ್ ಆಮ್ಲವಾಗಿಯೇ ಬದಲಾಗುತ್ತದೆ. ಕಾಕಾ ಕೈಯಲ್ಲಿದ್ದ ಗುಳಿಗೆಯ ಮೂಲ ಕೆಟ್ಟ ಗೋವಿನಜೋಳದ ಒಂದು ಕಾಳು.

ಮೊಳೆ ಮುಗಿದ ಅಚ್ಚುಕೂಟ

ಇದು ಹೇಗೆ ಕೆಲಸ ಮಾಡುತ್ತದೆ? ಹಳೆಯ ಕಾಲದ ಅಚ್ಚುಕೂಟವನ್ನು ನೆನಪಿಸಿಕೊಳ್ಳಿ. ಸೀಸದ ಮೊಳೆಗಳನ್ನು ಒಂದೊಂದೇ ಜೋಡಿಸಿ ಪುಟ ಕಟ್ಟುತ್ತಿದ್ದ ದಿನಗಳವು. ಪ್ರತಿ ಅಕ್ಷರಕ್ಕೂ ಒಂದು ಖಾನೆ. ‘ಗ’ ಅಕ್ಷರದ ಖಾನೆ ಬರಿದಾಯಿತೆಂದರೆ ಉಳಿದ ಅಕ್ಷರ ಎಷ್ಟಿದ್ದರೂ ಪುಟ ಮುಂದೆ ಸಾಗದು. ಹೊಸ ಮೊಳೆ ಬರಲು ಇದ್ದ ದಾರಿ ಎರಡು. ಒಂದು, ಸೀಸ ಕರಗಿಸಿ ಹೊಸದಾಗಿ ಎರಕ ಹೊಯ್ಯುವುದು. ಇನ್ನೊಂದು, ಅಚ್ಚಾದ ಪುಟ ಬಿಚ್ಚಿ ಹಳೆಯ ಮೊಳೆಗಳನ್ನು ತೊಳೆದು ಮತ್ತೆ ಖಾನೆಗೆ ತುಂಬುವುದು.

ಜೀವಕೋಶವೂ ಇಂಥದೇ ಅಚ್ಚುಕೂಟ. ಡಿಎನ್ಎ, ಆರ್‌ಎನ್ಎ ಎಂಬ ಬರಹಗಳಿಗೆ ನಾಲ್ಕೇ ಅಕ್ಷರ ಸಾಕು. ಅವುಗಳಲ್ಲಿ ಒಂದು ‘ಜಿ’, ಅಂದರೆ ಗ್ವಾನಿನ್. ಇದಕ್ಕೆ ಹೊಸ ಮೊಳೆ ಎರಕ ಹೊಯ್ಯುವ ಕಿಣ್ವದ ಹೆಸರು ಐಎಂಪಿಡಿಎಚ್. ಮೈಕೊಫೆನೊಲಿಕ್ ಆಮ್ಲ ನೇರವಾಗಿ ಹೋಗಿ ಈ ಕಿಣ್ವವನ್ನು ಕಟ್ಟಿಹಾಕುತ್ತದೆ. ಎರಕದ ಒಲೆ ಆರಿದಂತೆ.

ಎಲ್ಲ ಕೋಶಗಳಿಗೂ ಇದರಿಂದ ಒಂದೇ ಥರ ಪೆಟ್ಟು ಬೀಳುವುದಿಲ್ಲ. ಬಹುಪಾಲು ಕೋಶಗಳು ಹಳೆಯ ಮೊಳೆ ತೊಳೆದುಕೊಂಡೇ ಸಂಸಾರ ನಡೆಸಬಲ್ಲವು. ರೋಗನಿರೋಧಕ ಸೇನೆಯ ಲಿಂಫೊಸೈಟ್‌ಗಳ ಪಾಡು ಬೇರೆ. ಶತ್ರು ಕಂಡೊಡನೆ ಒಂದು ಎರಡಾಗಿ, ಎರಡು ನಾಲ್ಕಾಗಿ ಅವು ಬಿರುಸಿನಿಂದ ಹೆಚ್ಚಬೇಕು. ಅಷ್ಟು ಬೇಗ ಅಷ್ಟೊಂದು ಅಕ್ಷರ ಬೇಕೆಂದರೆ ಹೊಸ ಎರಕವೇ ಗತಿ. ಆಲಿಸನ್ ಇದನ್ನು ಊಹಿಸಿದ್ದು ಕೆಲವು ಅಪರೂಪದ ಕಾಯಿಲೆಗಳನ್ನು ನೋಡಿ. ಲೆಶ್-ನೈಹನ್ ಎಂಬ ಹುಟ್ಟುಕಾಯಿಲೆಯ ಮಕ್ಕಳಲ್ಲಿ ಹಳೆಯ ಮೊಳೆ ತೊಳೆಯುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಆದರೂ ಅವರ ರೋಗನಿರೋಧಕ ಶಕ್ತಿಗೆ ಹೇಳುವಂಥ ಕುಂದಿಲ್ಲ. ಅಂದ ಮೇಲೆ ಲಿಂಫೊಸೈಟ್ ನಂಬಿರುವುದು ಎರಕವನ್ನೇ ಎಂಬುದು ಅವರ ತರ್ಕ. ಎರಕ ನಿಲ್ಲಿಸಿದರೆ ಸೇನೆ ಬೆಳೆಯದು, ಕಸಿ ಕಿಡ್ನಿ ಉಳಿಯುತ್ತದೆ.

ಈಗ ವೈರಸ್ಸಿನ ಕಡೆ ಬನ್ನಿ. ಡೆಂಗಿ ವೈರಸ್ಸಿನ ಆರ್‌ಎನ್ಎ ಸುಮಾರು 10,700 ಅಕ್ಷರಗಳ ಬರಹ. ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ‘ಜಿ’. ವೈರಸ್ಸಿಗೆ ಸ್ವಂತ ಅಚ್ಚುಕೂಟವಿಲ್ಲ. ನಮ್ಮ ಕೋಶಕ್ಕೆ ನುಗ್ಗಿ ನಮ್ಮ ಮೊಳೆಗಳಿಂದಲೇ ತನ್ನ ಸಾವಿರಾರು ಪ್ರತಿ ತೆಗೆಯುತ್ತದೆ. ಖಾನೆಯಲ್ಲಿ ‘ಜಿ’ ಬರಿದಾದರೆ ಅದರ ಅಚ್ಚೂ ನಿಲ್ಲಬೇಕಲ್ಲವೇ? ಸೇನೆಯನ್ನು ತಡೆಯುವುದೂ ವೈರಸ್ಸನ್ನು ತಡೆಯುವುದೂ ಇಲ್ಲಿ ಒಂದೇ ಏಟು. ಕಾಕಾ ಪ್ರಶ್ನೆಯ ಗಂಟು ಇರುವುದು ಇದೇ ಜಾಗದಲ್ಲಿ.

ತಟ್ಟೆಯೊಳಗಿನ ತೂತುಗಳು

ಇದನ್ನು ಪರೀಕ್ಷಿಸುವುದು ಜೀವಕೋಶಗಳ ಸಾಕಣೆಯಲ್ಲಿ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಆರು ಕುಳಿ. ಕುಳಿಯ ತಳದಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಪದರವಾಗಿ ಹಾಸಿಕೊಂಡಿರುತ್ತವೆ. ಮೇಲೆ ತಿಳಿಗುಲಾಬಿ ಬಣ್ಣದ ಪೋಷಕ ದ್ರವ. ಕೋಶಗಳು ಉಂಡು ಆಮ್ಲ ಹೊರಬಿಟ್ಟಂತೆ ಆ ಬಣ್ಣ ಹಳದಿಗೆ ತಿರುಗುತ್ತದೆ. ಬಣ್ಣ ನೋಡಿಯೇ ಹೊಸ ದ್ರವ ಹಾಕುವ ಹೊತ್ತಾಯಿತೆಂದು ಗೊತ್ತುಮಾಡಿಕೊಳ್ಳುತ್ತಾರೆ. 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ತಟ್ಟೆ ಕೂತಿರುತ್ತದೆ.

ವೈರಸ್ ಇರುವ ದ್ರವವನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುವಾಗಿಸಿ ಒಂದೊಂದು ಕುಳಿಗೆ ಹಾಕುತ್ತಾರೆ. ಮೇಲೆ ಗಂಜಿಯಂಥ ಮಂದ ದ್ರವ ಹೊಯ್ಯುತ್ತಾರೆ. ಅದರಿಂದ ವೈರಸ್ ದೂರಕ್ಕೆ ಈಜಲಾರದು, ಪಕ್ಕದ ಕೋಶಕ್ಕಷ್ಟೇ ದಾಟಬಲ್ಲದು. ಕೆಲವು ದಿನ ಬಿಟ್ಟು ನೇರಳೆ ಬಣ್ಣ ಹಾಕಿ ತೊಳೆಯುತ್ತಾರೆ. ಬದುಕಿದ ಕೋಶಗಳು ಬಣ್ಣ ಹೀರಿ ನೇರಳೆಯಾಗುತ್ತವೆ, ಸತ್ತ ಜಾಗ ಬಣ್ಣವಿಲ್ಲದೆ ದುಂಡಗೆ ತೂತಿನಂತೆ ಕಾಣುತ್ತದೆ. ಹುಳ ತಿಂದ ಎಲೆಯನ್ನು ಬಿಸಿಲಿಗೆ ಹಿಡಿದಂತೆ. ಒಂದೊಂದು ತೂತೂ ಮೊದಲು ಬಿದ್ದ ಒಂದೊಂದು ವೈರಸ್ಸಿನ ಗುರುತು. ತೂತು ಎಣಿಸಿ, ತೆಳುವಾಗಿಸಿದ ಲೆಕ್ಕದಿಂದ ಗುಣಿಸಿದರೆ ವೈರಸ್ ಎಷ್ಟಿತ್ತೆಂಬುದು ಸಿಗುತ್ತದೆ. ಈ ಉಪಾಯವನ್ನು ಪ್ರಾಣಿಗಳ ವೈರಸ್ಸುಗಳಿಗೆ ಒಗ್ಗಿಸಿದವನು ರೆನಾಟೊ ಡುಲ್ಬೆಕೊ, 1952ರಲ್ಲಿ.

ಔಷಧ ಹಾಕಿದ ಕೋಶಗಳಿಂದ ಬಂದ ವೈರಸ್ ಎಷ್ಟು ತೂತು ಕೊರೆಯಿತು, ಔಷಧವಿಲ್ಲದೆ ಬೆಳೆದದ್ದು ಎಷ್ಟು ಕೊರೆಯಿತು ಎಂದು ಹೋಲಿಸಿದರೆ ಔಷಧದ ಬಲ ತಿಳಿಯುತ್ತದೆ. ಇನ್ನೊಂದು ಪರೀಕ್ಷೆಯೂ ಅಷ್ಟೇ ಮುಖ್ಯ: ಅದೇ ಪ್ರಮಾಣದ ಔಷಧವನ್ನು ವೈರಸ್ ಇಲ್ಲದ ಕೋಶಗಳಿಗೆ ಹಾಕಿ ಅವು ಬದುಕುತ್ತವೆಯೇ ಎಂದು ನೋಡಬೇಕು. ಕೋಶವನ್ನೇ ಕೊಂದರೆ ವೈರಸ್ಸೂ ಸಾಯುತ್ತದೆ. ಅದು ಚಿಕಿತ್ಸೆಯಲ್ಲ.

ಈ ವಿದ್ಯೆ ನಮಗೆ ದೂರದ್ದೇನೂ ಅಲ್ಲ. ದೇಸೂರ ದಾಟಿ ಬೆಳಗಾವಿ, ಮಿರಜ ಹಾದು ಹೋಗುವ ಇದೇ ಹಳಿ ಪುಣೆಗೆ ಸೇರುತ್ತದೆ. ಅಲ್ಲಿ 1952ರಲ್ಲಿ ಶುರುವಾದ ವೈರಸ್ ಸಂಶೋಧನಾ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. 1967ರಲ್ಲಿ ಅಲ್ಲಿ ಕೆ.ಆರ್.ಪಿ. ಸಿಂಗ್ ಅವರು ಈಡಿಸ್ ಸೊಳ್ಳೆಯ ಕೋಶಗಳನ್ನು ತಟ್ಟೆಯಲ್ಲಿ ನಿರಂತರ ಬೆಳೆಯುವಂತೆ ಮಾಡಿದರು. ಆ ವಂಶದಿಂದ ಮುಂದೆ ಆರಿಸಿದ ಸಿ6/36 ಎಂಬ ಕೋಶಗಳಲ್ಲಿ ಇಂದು ಜಗತ್ತಿನ ಪ್ರಯೋಗಾಲಯಗಳು ಡೆಂಗಿ ವೈರಸ್ ಬೆಳೆಸುತ್ತವೆ.

ಗೆಲುವಿನ ಸುದ್ದಿ

ಮೈಕೊಫೆನೊಲಿಕ್ ಆಮ್ಲ ವೈರಸ್ಸುಗಳನ್ನು ತಡೆಯುತ್ತದೆ ಎಂಬ ವರದಿಗಳು 1960ರ ದಶಕದ ಕೊನೆಗೇ ಬಂದಿದ್ದವು. ಗ್ವಾನಿನ್ ಜಾತಿಯ ವಸ್ತು ಬೆರೆಸಿದರೆ ಆ ತಡೆ ಬಿಟ್ಟುಹೋಗುತ್ತದೆ ಎಂಬುದೂ ಆಗಲೇ ಗೊತ್ತಾಗಿತ್ತು. 2002ರಲ್ಲಿ ಅಮೆರಿಕದ ಮೈಕೆಲ್ ಡೈಮಂಡ್ ಮತ್ತು ಸಂಗಡಿಗರು ಮನುಷ್ಯರ ಯಕೃತ್ತಿನ ಕ್ಯಾನ್ಸರ್ ಕೋಶಗಳಲ್ಲಿ ಡೆಂಗಿ ವೈರಸ್ ಬೆಳೆಸಿ ಈ ಔಷಧ ಹಾಕಿದರು. ವೈರಸ್ಸಿನ ಆರ್‌ಎನ್ಎ ಪ್ರತಿಯಾಗುವುದೇ ನಿಂತಿತು. ಅದೇ ಕಿಣ್ವಕ್ಕೆ ಅಡ್ಡಿ ಮಾಡುವ ಹಳೆಯ ವೈರಸ್ ಔಷಧ ರಿಬಾವಿರಿನ್‌ಗಿಂತ ಎಷ್ಟೋ ಕಡಿಮೆ ಪ್ರಮಾಣ ಇದಕ್ಕೆ ಸಾಕಾಯಿತು.

ನಮ್ಮ ದೇಶದ ಪ್ರಯೋಗ ನಡೆದದ್ದು ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ, ಚಿಕೂನ್‌ಗುನ್ಯ ವೈರಸ್ ಮೇಲೆ. ಆ ರೋಗದ ನೋವನ್ನು ಕರ್ನಾಟಕಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2006ರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳೊಂದಿಗೆ ನಮ್ಮ ರಾಜ್ಯವೇ ದೇಶದಲ್ಲಿ ಮುಂದಿತ್ತು. ಕೂತವರಿಗೆ ಏಳಲಾಗದ, ಎದ್ದವರಿಗೆ ಕೂರಲಾಗದ ಕೀಲುನೋವು ಹಳ್ಳಿಗೆ ಹಳ್ಳಿಯನ್ನೇ ಮಲಗಿಸಿತ್ತು. ಗ್ವಾಲಿಯರಿನವರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೋಶಗಳಿಗೆ ಕೇಡಾಗದ ಪ್ರಮಾಣದ ಮೈಕೊಫೆನೊಲಿಕ್ ಆಮ್ಲ ಚಿಕೂನ್‌ಗುನ್ಯ ವೈರಸ್ಸನ್ನು 99.9 ಪ್ರತಿಶತದಷ್ಟು ತಗ್ಗಿಸಿತು.

ಔಷಧದ ಜೊತೆಗೆ ಗ್ವಾನೋಸಿನ್ ಬೆರೆಸಿದಾಗ ವೈರಸ್ ಮತ್ತೆ ಚಿಗುರುತ್ತದೆ. ಪಕ್ಕದ ಅಚ್ಚುಕೂಟದಿಂದ ‘ಗ’ ಮೊಳೆ ಕಡ ತಂದಂತೆ ನಿಂತ ಕೆಲಸ ಮುಂದುವರಿಯುತ್ತದೆ. ಔಷಧ ವೈರಸ್ಸನ್ನು ಮುಟ್ಟಿಯೇ ಇಲ್ಲ, ಅಕ್ಷರದ ಖಾನೆಯನ್ನು ಬರಿದು ಮಾಡಿದೆ ಅಷ್ಟೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಮೊಮ್ಮಗ ಓದಿದ್ದು ಖರೆ ಎಂದು ನಾನು ಹೇಳಿದ್ದು ಇದಕ್ಕೇ.

ತಟ್ಟೆಯಲ್ಲಿ ಇಲ್ಲದ್ದು

ಆ ತಟ್ಟೆಯಲ್ಲಿ ಏನಿತ್ತು ಎಂದು ನೋಡಿದೆವು. ಏನಿರಲಿಲ್ಲ ಎಂದೂ ನೋಡಬೇಕು. ರಕ್ತವಿರಲಿಲ್ಲ. ಲಿಂಫೊಸೈಟ್ ಇರಲಿಲ್ಲ. ಪ್ರತಿಕಾಯಗಳಿರಲಿಲ್ಲ. ಗ್ವಾಲಿಯರಿನಲ್ಲಿ ಬಳಸಿದ ವೆರೊ ಕೋಶಗಳು 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಹಸಿರು ಮಂಗನ ಕಿಡ್ನಿಯಿಂದ ತೆಗೆದವು. ವೈರಸ್ ಬಂತೆಂದು ನೆರೆಯ ಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ತಯಾರಿಸಲು ಅವಕ್ಕೆ ಬಾರದು. ವೈರಸ್ ಚೆನ್ನಾಗಿ ಬೆಳೆಯುತ್ತದೆಂದೇ ಪ್ರಯೋಗಾಲಯಗಳು ಅವನ್ನು ಇಷ್ಟಪಡುತ್ತವೆ.

ಅಂದರೆ ರೋಗನಿರೋಧಕ ಸೇನೆಯನ್ನು ಕುಗ್ಗಿಸುವ ಔಷಧವನ್ನು ನಾವು ಪರೀಕ್ಷಿಸಿದ್ದು ಸೇನೆಯೇ ಇಲ್ಲದ ಊರಲ್ಲಿ. ಅದರ ಲಾಭ ಮಾತ್ರ ಕಣ್ಣಿಗೆ ಬಿತ್ತು. ನಷ್ಟ ಕಾಣಲು ಅಲ್ಲಿ ಜಾಗವೇ ಇರಲಿಲ್ಲ.

ನಷ್ಟ ಕಂಡದ್ದು ಪ್ರಾಣಿಯ ದೇಹದಲ್ಲಿ. 2012ರಲ್ಲಿ ಸೌದಿ ಅರೇಬಿಯದಲ್ಲಿ ಗುರುತಿಸಿದ ಮರ್ಸ್ ಕೊರೊನಾ ವೈರಸ್ಸನ್ನೂ ಮೈಕೊಫೆನೊಲಿಕ್ ಆಮ್ಲ ತಟ್ಟೆಯಲ್ಲಿ ಬಲವಾಗಿ ತಡೆದಿತ್ತು. ಆ ಭರವಸೆಯ ಮೇಲೆ ಹಾಂಗ್‌ಕಾಂಗಿನ ಸಂಶೋಧಕರು ಮಾರ್ಮೊಸೆಟ್ ಎಂಬ ಪುಟ್ಟ ಮಂಗಗಳಿಗೆ ಸೋಂಕು ತಗಲಿಸಿ ಚಿಕಿತ್ಸೆ ಕೊಟ್ಟು ನೋಡಿದರು. 2015ರಲ್ಲಿ ಫಲಿತಾಂಶ ಹೊರಬಂತು. ಬೇರೆ ಔಷಧ ಪಡೆದ ಮಂಗಗಳು ಸುಧಾರಿಸಿದವು. ಮೈಕೊಫೆನೊಲೇಟ್ ಪಡೆದ ಮಂಗಗಳಿಗೆ ಕಾಯಿಲೆ ಉಲ್ಬಣಿಸಿತು. ಅವುಗಳ ಮೈಯಲ್ಲಿದ್ದ ವೈರಸ್ ಪ್ರಮಾಣ, ಯಾವ ಔಷಧವನ್ನೂ ಕೊಡದ ಮಂಗಗಳಿಗಿಂತ ಹೆಚ್ಚಾಗಿತ್ತು.

ತಟ್ಟೆಯಲ್ಲಿ ವೈರಸ್ಸನ್ನು ಇಳಿಸಿದ ಅದೇ ವಸ್ತು ದೇಹದಲ್ಲಿ ಏರಿಸಿತು. ಸೇನೆಯನ್ನು ಮನೆಗೆ ಕಳಿಸಿ ಕೋಟೆಯ ಬಾಗಿಲಿಗೆ ಚಿಲಕ ಹಾಕಿದರೆ ಕೋಟೆ ಉಳಿಯುವುದಿಲ್ಲ. ಕಸಿ ರೋಗಿಗಳಲ್ಲಿ ಸೈಟೊಮೆಗಲೊ ವೈರಸ್ಸಿನಂಥ ಸೋಂಕು ತಲೆ ಎತ್ತದಂತೆ ವೈದ್ಯರು ಕಣ್ಣಿಟ್ಟು ಕಾಯುವುದೂ ಇದೇ ಕಾರಣಕ್ಕೆ.

ಯಾವ ಕೋಶ ಬಳಸಿದೆವು ಎಂಬುದೂ ಉತ್ತರವನ್ನು ಬದಲಿಸುತ್ತದೆ. 2020ರ ಮಾರ್ಚ್ ತಿಂಗಳನ್ನು ನೆನೆಯಿರಿ. ಲೂಪಸ್, ಸಂಧಿವಾತಗಳಿಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊರೊನಾಕ್ಕೆ ಮದ್ದಂತೆ ಎಂಬ ಮಾತು ಮನೆಮನೆಗೂ ತಲುಪಿತ್ತು. ಆರೋಗ್ಯ ಕಾರ್ಯಕರ್ತರಿಗೆ ಮುನ್ನೆಚ್ಚರಿಕೆಯಾಗಿ ಅದನ್ನು ಕೊಡಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸಲಹೆ ಮಾಡಿತ್ತು. ವೆರೊ ಕೋಶಗಳಲ್ಲಿ ಅದು ವೈರಸ್ಸನ್ನು ತಡೆದದ್ದು ನಿಜ. ಅದೇ ಪರೀಕ್ಷೆಯನ್ನು ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ಮಾಡಿದಾಗ ತಡೆ ಕಾಣಲಿಲ್ಲ, ಏಕೆಂದರೆ ಅಲ್ಲಿ ವೈರಸ್ ಒಳನುಗ್ಗುವ ಬಾಗಿಲೇ ಬೇರೆ. ಬ್ರಿಟನ್ನಿನ ರಿಕವರಿ ಪ್ರಯೋಗ ಸಾವಿರಾರು ರೋಗಿಗಳಲ್ಲಿ ಅದನ್ನು ಪರೀಕ್ಷಿಸಿ, ಸಾವು ತಪ್ಪಿಸುವುದಿಲ್ಲ ಎಂದು ಅದೇ ವರ್ಷ ಜೂನ್‌ನಲ್ಲಿ ಹೇಳಿತು.

ಅದೇ ಜೂನ್‌ನಲ್ಲಿ ಅದೇ ಪ್ರಯೋಗ ಇನ್ನೊಂದು ವಿಷಯವನ್ನೂ ತೋರಿಸಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್, ಅದೂ ರೋಗನಿರೋಧಕ ಶಕ್ತಿ ಕುಗ್ಗಿಸುವಂಥದೇ, ವೆಂಟಿಲೇಟರ್ ಮೇಲಿದ್ದ ರೋಗಿಗಳ ಸಾವನ್ನು ಮೂರನೇ ಒಂದರಷ್ಟು ಕಡಿಮೆ ಮಾಡಿತು. ಅದು ವೈರಸ್ಸನ್ನು ಕೊಂದದ್ದರಿಂದ ಅಲ್ಲ, ಹದ್ದು ಮೀರಿದ ಉರಿಯೂತವನ್ನು ತಣಿಸಿದ್ದರಿಂದ. ಆಮ್ಲಜನಕದ ಅಗತ್ಯವೇ ಇಲ್ಲದ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ. ಇಂಥ ಔಷಧದಲ್ಲಿ ಯಾರಿಗೆ, ಯಾವಾಗ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಗಂಟು ಬಿಚ್ಚುವ ಪ್ರಯತ್ನ

ಹಾಗಾದರೆ ತಟ್ಟೆಯ ಪ್ರಯೋಗ ವ್ಯರ್ಥವೇ? ಖಂಡಿತ ಅಲ್ಲ. ಸೈಕ್ಲೊಸ್ಪೊರಿನ್ ಕಥೆ ನೋಡಿ. ನಾರ್ವೆಯ ಹಾರ್ದಾಂಗರ್‌ವಿದ್ದಾ ಪ್ರಸ್ಥಭೂಮಿಯ ಮಣ್ಣಿನ ಶಿಲೀಂಧ್ರದಿಂದ ಬಂದ ಇದು ಅಂಗಾಂಗ ಕಸಿಯ ಚರಿತ್ರೆಯನ್ನೇ ಬದಲಿಸಿದ ಔಷಧ. ಕೋಶದೊಳಗೆ ಸೈಕ್ಲೊಫಿಲಿನ್ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಎರಡೂ ಜೋಡಿಯಾಗಿ ಹೋಗಿ ಕ್ಯಾಲ್ಸಿನ್ಯೂರಿನ್ ಎಂಬ ಮೂರನೆಯದನ್ನು ತಡೆದಾಗ ರೋಗನಿರೋಧಕ ಟಿ-ಕೋಶಗಳು ಸುಮ್ಮನಾಗುತ್ತವೆ. ಹೆಪಟೈಟಿಸ್ ಸಿ ವೈರಸ್ಸಿಗೆ ಮಾತ್ರ ಬೇಕಿದ್ದದ್ದು ಸೈಕ್ಲೊಫಿಲಿನ್. ಅದಿಲ್ಲದೆ ವೈರಸ್ಸಿನ ಕೆಲಸ ಸಾಗದು. ಸೈಕ್ಲೊಸ್ಪೊರಿನ್ ಈ ವೈರಸ್ಸನ್ನು ತಡೆಯುತ್ತದೆಂದು 2003ರಲ್ಲಿ ಜಪಾನಿನ ಸಂಶೋಧಕರು ಕೋಶಗಳ ಸಾಕಣೆಯಲ್ಲಿ ತೋರಿಸಿದರು. 2009ರಲ್ಲಿ ಡೆಂಗಿಯ ಬಂಧುಬಳಗದ ವೈರಸ್ಸುಗಳ ಮೇಲೂ ಸೈಕ್ಲೊಸ್ಪೊರಿನ್ ನಾಟುತ್ತದೆಂದು ತಟ್ಟೆಯಲ್ಲಿ ಗೊತ್ತಾಯಿತು.

ಇಲ್ಲಿ ಒಂದು ಅನುಕೂಲವಿದೆ. ಮೈಕೊಫೆನೊಲೇಟಿನಲ್ಲಿ ಸೇನೆಗೂ ವೈರಸ್ಸಿಗೂ ಬೀಳುವ ಏಟು ಒಂದೇ ಕಿಣ್ವದ ಮೇಲೆ. ಬೇರ್ಪಡಿಸಲು ಬಾರದು. ಸೈಕ್ಲೊಸ್ಪೊರಿನ್‌ಗೆ ಎರಡು ಹಿಡಿಕೆಗಳಿವೆ. ರಸಾಯನಶಾಸ್ತ್ರಜ್ಞರು ಅದರ ಅಣುವನ್ನು ತುಸು ತಿದ್ದಿ, ಸೈಕ್ಲೊಫಿಲಿನ್ ಹಿಡಿಯುವ ಆದರೆ ಕ್ಯಾಲ್ಸಿನ್ಯೂರಿನ್ ಮುಟ್ಟದ ಅಲಿಸ್ಪೊರಿವಿರ್ ತಯಾರಿಸಿದರು. ವೈರಸ್ಸಿಗೆ ಏಟು, ಸೇನೆಗೆ ರಜೆಯಿಲ್ಲ. ಹೆಪಟೈಟಿಸ್ ಸಿ ರೋಗಿಗಳಲ್ಲಿ ಅದು ಮೂರನೆಯ ಹಂತದ ಪರೀಕ್ಷೆಯವರೆಗೂ ಹೋಯಿತು. 2012ರಲ್ಲಿ ಕೆಲವರಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಕಾಣಿಸಿಕೊಂಡಿದ್ದರಿಂದ ಅದಕ್ಕೆ ತಡೆ ಬಿತ್ತು. ದಾರಿ ಸರಿಯಿದ್ದರೂ ಊರು ಮುಟ್ಟುವುದು ಕಷ್ಟ.

ನಮ್ಮ ಕಾಡಿನ ಜ್ವರವೂ ಇದನ್ನೇ ಹೇಳುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಸತ್ತ ಮಂಗಗಳ ಜಾಡು ಹಿಡಿದು ಪುಣೆಯ ವಿಜ್ಞಾನಿಗಳು ಗುರುತಿಸಿದ ಮಂಗನ ಕಾಯಿಲೆಯ ವೈರಸ್ ಡೆಂಗಿಯ ಬಳಗದ್ದೇ. ಉಣ್ಣೆಯಿಂದ ಹರಡುತ್ತದೆ. ಈಚಿನ ದಶಕದಲ್ಲಿ ಅದು ಘಟ್ಟದ ಗುಂಟ ಉತ್ತರಕ್ಕೆ ಸರಿಯಿತು. ಗೋವಾದ ಸತ್ತರಿ ತಾಲೂಕು, ಮಹಾರಾಷ್ಟ್ರದ ದೋಡಾಮಾರ್ಗ ಮುಟ್ಟಿತು. ಗೋವಾದ ಗೇರುತೋಟಗಳಿಗೆ ಕೂಲಿಗೆ ಹೋಗಿ ಬಂದ ಬೆಳಗಾವಿ ಜಿಲ್ಲೆಯವರಲ್ಲೂ ಕಂಡಿತು. ಖಾನಾಪುರ ದಾಟಿ ಕಣಕುಂಬಿ, ಚೋರ್ಲಾ ಘಟ್ಟ ಇಳಿದರೆ ಸತ್ತರಿಯೇ ಸಿಗುವುದು. ಈ ವೈರಸ್ಸನ್ನು ಎನ್ಐಟಿಡಿ008 ಎಂಬ ವಸ್ತು ತಟ್ಟೆಯಲ್ಲಿ ತಡೆಯುತ್ತದೆಂದು 2016ರಲ್ಲಿ ಪ್ರಕಟವಾಯಿತು. ಅದು ಸೇನೆ ಕುಗ್ಗಿಸುವ ಔಷಧವೂ ಅಲ್ಲ. ಆದರೂ ಇಲಿ, ನಾಯಿಗಳಿಗೆ ಕೆಲವು ದಿನ ಕೊಟ್ಟಾಗ ವಿಷದ ಪರಿಣಾಮ ಕಂಡಿದ್ದರಿಂದ ಮನುಷ್ಯರ ತನಕ ಬರಲಿಲ್ಲ. ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧ ಇನ್ನೂ ಇಲ್ಲ.

ಕಾಕಾಗೆ ಕೊಟ್ಟ ಉತ್ತರ

ನೂರು ವಸ್ತುಗಳಲ್ಲಿ ಯಾವುದನ್ನು ಕೈಬಿಡಬೇಕು, ಯಾವುದನ್ನು ಮುಂದೆ ಒಯ್ಯಬೇಕು, ವೈರಸ್ಸಿನ ಯಾವ ನರ ಹಿಡಿದರೆ ಅದು ಮಣಿಯುತ್ತದೆ ಎಂಬುದನ್ನು ತಟ್ಟೆಯ ಪ್ರಯೋಗ ಕಲಿಸುತ್ತದೆ. ಅದಿಲ್ಲದೆ ಯಾವ ವೈರಸ್ ಔಷಧವೂ ಹುಟ್ಟಲಾರದು. ಆದರೆ ಅದು ಬಿತ್ತನೆ, ಸುಗ್ಗಿಯಲ್ಲ. ಬಿತ್ತಿದ್ದೆಲ್ಲ ರಾಶಿಗೆ ಬರುವುದಿಲ್ಲ ಎಂದು ದೇಸೂರಿನ ಹೊಲಗಳಲ್ಲಿ ದುಡಿಯುವವರಿಗೆ ಚೆನ್ನಾಗಿ ಗೊತ್ತು. ಇನ್ನು ಮುಂದೆ ‘ಈ ಔಷಧ ವೈರಸ್ ಕೊಲ್ಲುತ್ತದೆ’ ಎಂಬ ಸುದ್ದಿ ಓದಿದಾಗ ಒಂದೇ ಪ್ರಶ್ನೆ ಕೇಳಿ: ಎಲ್ಲಿ? ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ?

ಕಾಕಾಗೆ ನಾನು ಹೇಳಿದ್ದು ಇಷ್ಟು. ಗುಳಿಗೆ ಬಿಡಬೇಡಿ, ಅದು ನಿಮ್ಮ ಕಿಡ್ನಿ ಕಾಯುತ್ತಿದೆ. ಡೆಂಗಿಯ ಹೆಸರಲ್ಲಿ ಒಂದೂ ಹೆಚ್ಚು ನುಂಗಬೇಡಿ. ಮನೆಯವರು ಯಾರೂ ಅದನ್ನು ಮುಟ್ಟಬಾರದು. ಸೊಳ್ಳೆಯ ವಿಷಯದಲ್ಲಿ ಉಳಿದವರಿಗಿಂತ ನೀವೇ ಹೆಚ್ಚು ಹುಷಾರಾಗಿರಬೇಕು. ವಾರಕ್ಕೊಮ್ಮೆ ಹಿತ್ತಲಿನ ಡಬ್ಬಿ, ಟೈರಿನ ನೀರು ಚೆಲ್ಲಿಸಿ. ಜ್ವರ ಬಂದರೆ ಅಂಗಡಿಯ ನೋವಿನ ಗುಳಿಗೆ ತಿನ್ನದೆ ಅದೇ ದಿನ ನಿಮ್ಮ ಕಸಿ ವೈದ್ಯರನ್ನು ಕಾಣಿ.